ಸೋರುವ ರೇಡಿಯೇಟರು

ಮೋಟಾರು ಗಾಡಿಯಲ್ಲಿ ಘಟ್ಟ ಹತ್ತಿದವರೆಲ್ಲರೂ ಒಂದಲ್ಲ ಒಂದು ದಿನ ಕಂಡಿರುವ ನೋಟವೊಂದುಂಟು. ದಾರಿಯ ತಿರುವಿನಲ್ಲಿ ಗಾಡಿಯೊಂದು ನಿಂತಿದೆ. ಬಾನೆಟ್ಟನ್ನು ಎತ್ತಿದ್ದಾರೆ, ಒಳಗಿನಿಂದ ಬುಸುಬುಸು ಹಬೆ ಏಳುತ್ತಿದೆ. ಗಾಡಿಯ ಯಜಮಾನರು ಖಾಲಿ ಸೀಸೆಯೊಂದನ್ನು ಹಿಡಿದುಕೊಂಡು ನೀರು ಎಲ್ಲಿ ಸಿಕ್ಕೀತೆಂದು ಅತ್ತಿತ್ತ ನೋಡುತ್ತಿದ್ದಾರೆ. ಹೆಂಗಸರೂ ಮಕ್ಕಳೂ ರಸ್ತೆಯ ಬದಿಯ ಕಲ್ಲುಗಳ ಮೇಲೆ ಕುಳಿತಿದ್ದಾರೆ. ಹೋಗುವವರು ಬರುವವರು "ರೇಡಿಯೇಟರು ಸೋರಿರಬೇಕು, ಹೊಸದು ಹಾಕಿಸಿಬಿಡಿ" ಎಂದು ಸಲಹೆ ಕೊಟ್ಟು ಮುಂದೆ ಸಾಗುತ್ತಾರೆ.

ಈ ಸಲಹೆಯು ಕೆಲವು ವೇಳೆ ಸರಿ, ಕೆಲವು ವೇಳೆ ತಪ್ಪು. ತಪ್ಪಾದಾಗ ಅದರಿಂದ ಆಗುವ ನಷ್ಟ ರೇಡಿಯೇಟರಿನ ಬೆಲೆಯೊಂದೇ ಅಲ್ಲ, ಎಂಜಿನೇ ಹಾಳಾಗಬಹುದು. ನನ್ನ ವಿಷಯದಲ್ಲಿ ಹೆಚ್ಚುಕಡಮೆ ಹಾಗೆಯೇ ಆಯಿತು. ಆ ಕಥೆಯನ್ನು ಮುಂದೆ ಹೇಳುತ್ತೇನೆ. ಸೋರುವ ರೇಡಿಯೇಟರಿಗೆ ಬೆಸುಗೆ ಹಾಕಿಸಬೇಕೆ, ಅದನ್ನು ತೆಗೆದು ಅಂಥದೇ ಹೊಸದನ್ನು ಕೂರಿಸಬೇಕೆ, ಅಥವಾ ಅದಕ್ಕಿಂತ ದೊಡ್ಡದನ್ನು ಹಾಕಬೇಕೆ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದರೆ, ಮೊದಲು ಆ ಉಪಕರಣವು ಮಾಡುವ ಕೆಲಸವೇನೆಂಬುದನ್ನು ತಿಳಿಯಬೇಕು.

ಎಂಜಿನಿನಲ್ಲಿ ಸುಡುವ ಪೆಟ್ರೋಲಿನ ಶಾಖದಲ್ಲಿ ಗಾಡಿಯನ್ನು ಓಡಿಸುವ ಕೆಲಸಕ್ಕೆ ಒದಗುವುದು ಸ್ಥೂಲವಾಗಿ ಮೂರನೆಯ ಒಂದು ಪಾಲು. ಹಲವು ವೇಳೆ ಅಷ್ಟೂ ಇಲ್ಲ. ಇನ್ನೊಂದು ಪಾಲು ಹೊಗೆಯೊಡನೆ ಹೊರಗೆ ಹೋಗುತ್ತದೆ. ಉಳಿದ ಪಾಲು ಎಂಜಿನಿನ ಲೋಹಕ್ಕೆ ಸೇರುತ್ತದೆ. ಈ ಮೂರನೆಯ ಪಾಲನ್ನು ಯಾರಾದರೂ ಹೊತ್ತು ಹೊರಗೆ ಹಾಕದಿದ್ದರೆ ಲೋಹವು ಕಾದು ಹಿಗ್ಗಿ, ಎಣ್ಣೆಯು ತನ್ನ ಜಿಡ್ಡನ್ನು ಕಳೆದುಕೊಂಡು, ಪಿಸ್ಟನ್ನುಗಳು ಸಿಲಿಂಡರುಗಳಲ್ಲಿ ಕಚ್ಚಿಕೊಳ್ಳುತ್ತವೆ. ಹೊರುವ ಕೆಲಸ ನೀರಿನದು. ಹೊತ್ತು ತಂದ ಹೊರೆಯನ್ನು ಗಾಳಿಗೆ ಇಳಿಸುವ ಸ್ಥಳವೇ ರೇಡಿಯೇಟರು.

ಈ ಹೊರೆಯ ಗಾತ್ರವೆಷ್ಟೆಂಬುದನ್ನು ಮನೆಯ ಉದಾಹರಣೆಯಿಂದ ತಿಳಿಯಬಹುದು. ಮಧ್ಯಮ ಗಾತ್ರದ ಕಾರೊಂದು ಏರನ್ನು ಹತ್ತುವಾಗ ನೀರಿಗೆ ಸೇರುವ ಶಾಖವು ೨೦ ಕಿಲೋವಾಟಿನಷ್ಟೆಂದು ಇಟ್ಟುಕೊಳ್ಳೋಣ. ಬಚ್ಚಲಿನ ಬಕೆಟ್ಟಿನಲ್ಲಿ ಇಳಿಬಿಡುವ ವಿದ್ಯುತ್ತಿನ ಕಾಯಿಲುಗಳಲ್ಲಿ ೨ ಕಿಲೋವಾಟಿನವು ಹತ್ತು ಸೇರಿದರೆ ಎಷ್ಟೋ ಅಷ್ಟು. ಈ ಶಾಖವನ್ನು ಹೊರಗೆ ಬಿಡದೆ ಹತ್ತು ಲೀಟರು ತಣ್ಣೀರಿನಲ್ಲೇ ತುಂಬುತ್ತ ಹೋದರೆ ಮೂರು ನಿಮಿಷದೊಳಗೆ ಆ ನೀರು ಕುದಿಯುತ್ತದೆ. ಗಾಡಿಯಲ್ಲಿರುವ ನೀರೂ ಸಾಧಾರಣವಾಗಿ ಹತ್ತು ಲೀಟರಿನ ಒಳಗೇ; ಅದೂ ಮೊದಲೇ ಬಿಸಿಯಾಗಿರುವ ನೀರು. ರೇಡಿಯೇಟರು ತನ್ನ ಕೆಲಸವನ್ನು ನಿಲ್ಲಿಸಿದರೆ, ಅಥವಾ ನೀರು ಸೋರಿ ತಳ ಕಂಡರೆ, ಚಾಲಕನಿಗೆ ದೊರೆಯುವ ಅವಧಿ ಗಂಟೆಗಳಲ್ಲ, ನಿಮಿಷಗಳು.

ಮೋಟಾರು ಗಾಡಿಯು ಹುಟ್ಟಿದ ಕಾಲದಲ್ಲಿ ಈ ಹೊರೆಯನ್ನು ಇಳಿಸುವ ಉಪಾಯ ಬಲು ಒರಟಾಗಿತ್ತು. ಜರ್ಮನಿಯಲ್ಲಿ ಕಾರ್ಲ್ ಬೆಂಜ್ ೧೮೮೬ರಲ್ಲಿ ಹಕ್ಕುಪತ್ರ ಪಡೆದ ಮೂರು ಚಕ್ರದ ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ಹೋದಷ್ಟನ್ನು ದಾರಿಯಲ್ಲಿ ತುಂಬಬೇಕಾಗಿತ್ತು. ಈ ತೊಡಕನ್ನು ಬಿಡಿಸಿದವನು ವಿಲ್‌ಹೆಲ್ಮ್ ಮೇಬಾಕ್. ೧೯೦೦ನೆಯ ಇಸವಿಯ ಕೊನೆಯಲ್ಲಿ ಸಿದ್ಧವಾದ ೩೫ ಅಶ್ವಶಕ್ತಿಯ ಮರ್ಸಿಡಿಸ್ ಗಾಡಿಗೆ ಆತನು ೮,೦೭೦ ಸಣ್ಣ ಚೌಕ ಕೊಳವೆಗಳನ್ನು ಜೇನುಗೂಡಿನಂತೆ ಜೋಡಿಸಿ, ಅವುಗಳ ಒಳಗೆ ಗಾಳಿಯೂ ಸುತ್ತ ನೀರೂ ಹರಿಯುವಂತೆ ಮಾಡಿದನು. ಗಾಳಿಗೂ ಲೋಹಕ್ಕೂ ಸಂಪರ್ಕವು ಹೆಚ್ಚಿದಷ್ಟೂ ನೀರು ಬೇಗ ತಣಿಯುತ್ತದೆ, ಹೊರಬೇಕಾದ ನೀರು ಕಡಮೆಯಾಗುತ್ತದೆ ಎಂಬುದೇ ಇದರ ತತ್ತ್ವ. ಇಂದಿನ ರೇಡಿಯೇಟರಿನಲ್ಲಿ ನೀರು ಚಪ್ಪಟೆ ಕೊಳವೆಗಳ ಒಳಗೆ ಹರಿಯುತ್ತದೆ, ಕೊಳವೆಗಳ ನಡುವೆ ತೆಳುವಾದ ತಗಡಿನ ರೆಕ್ಕೆಗಳಿರುತ್ತವೆ, ಗಾಳಿಯು ರೆಕ್ಕೆಗಳ ನಡುವೆ ನುಗ್ಗುತ್ತದೆ. ರೂಪ ಬದಲಾದರೂ ತತ್ತ್ವ ಅದೇ.

ಇನ್ನೊಂದು ಮುಖ್ಯ ಅಂಗವೆಂದರೆ ರೇಡಿಯೇಟರಿನ ಮುಚ್ಚಳ. ನೋಡುವುದಕ್ಕೆ ಇದು ಕೇವಲ ಬಿರಡೆ. ವಾಸ್ತವವಾಗಿ ಇದೊಂದು ಕವಾಟ. ನಮ್ಮ ಅಡಿಗೆಮನೆಯ ಪ್ರೆಷರ್ ಕುಕ್ಕರಿನ ಮೇಲಿನ ತೂಕವು ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಸಮುದ್ರದ ಮಟ್ಟದಲ್ಲಿ ನೀರು ೧೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಮೆಯಾಗಿ ಬೇಗ ಕುದಿಯುತ್ತದೆ. ಬೆಂಗಳೂರು ಮೈಸೂರುಗಳಲ್ಲಿ ಸುಮಾರು ೯೭ ಡಿಗ್ರಿಗೆ, ಉದಕಮಂಡಲದಲ್ಲಿ ೯೩ ಡಿಗ್ರಿಯ ಆಚೀಚೆಗೆ. ಎಂದರೆ ಬೆಟ್ಟ ಹತ್ತುವಾಗ ಎಂಜಿನು ಹೆಚ್ಚು ಕಾಯುವುದೂ ನೀರು ಬೇಗ ಕುದಿಯುವುದೂ ಒಟ್ಟಿಗೆ ಒದಗುತ್ತವೆ. ಮುಚ್ಚಳವು ಒಳಗಿನ ಒತ್ತಡವನ್ನು ಚದರ ಅಂಗುಲಕ್ಕೆ ೧೫ ಪೌಂಡಿನಷ್ಟು ಹೆಚ್ಚಾಗಿ ಹಿಡಿದಿಟ್ಟರೆ ಕುದಿಯುವ ಮಟ್ಟವು ೧೨೦ ಡಿಗ್ರಿಯವರೆಗೆ ಏರುತ್ತದೆ. ಹಳೆಯ ಗಾಡಿಗಳ ಮುಚ್ಚಳಗಳು ಇದರ ಅರ್ಧದಷ್ಟು ಒತ್ತಡಕ್ಕೆ ಮಾಡಿದವು. ಮುಚ್ಚಳದ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟರೆ, ರೇಡಿಯೇಟರು ಎಷ್ಟೇ ಚೆನ್ನಾಗಿದ್ದರೂ ನೀರು ಕುದಿದು ಚೆಲ್ಲಿಹೋಗುತ್ತದೆ. ಅಲ್ಪ ಬೆಲೆಯ ಈ ಮುಚ್ಚಳವನ್ನು ನೋಡದೆ ರೇಡಿಯೇಟರನ್ನೇ ಬದಲಾಯಿಸಿದವರು ಬಹು ಮಂದಿ ಇದ್ದಾರೆ.

ಇಲ್ಲಿಯೇ ಒಂದು ಎಚ್ಚರಿಕೆಯನ್ನು ಹೇಳಬೇಕು. ಒತ್ತಡದಲ್ಲಿರುವ ನೀರು ನೂರು ಡಿಗ್ರಿಯನ್ನು ಮೀರಿಯೂ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳವನ್ನು ತಿರುಗಿಸಿದ ಕ್ಷಣ ಒತ್ತಡವು ಇಳಿದು, ನೀರೆಲ್ಲ ಒಮ್ಮೆಗೇ ಕುದಿದು, ಹಬೆಯೂ ಬಿಸಿನೀರೂ ಮುಖಕ್ಕೂ ಕೈಗೂ ಚಿಮ್ಮುತ್ತವೆ. ಬಟ್ಟೆಯನ್ನು ಸುತ್ತಿ ತೆಗೆದರೂ ರಕ್ಷೆಯಿಲ್ಲ. ಎಂಜಿನನ್ನು ನಿಲ್ಲಿಸಿ, ಮೇಲಿನ ರಬ್ಬರು ಕೊಳವೆಯನ್ನು ಕೈಯಿಂದ ಹಿಸುಕಲು ಆಗುವಷ್ಟು ಎಲ್ಲವೂ ತಣಿಯುವವರೆಗೆ ಮುಚ್ಚಳವನ್ನು ಮುಟ್ಟಬಾರದು. ಅರ್ಧ ಗಂಟೆ ಕಾದವನು ಏನನ್ನೂ ಕಳೆದುಕೊಳ್ಳುವುದಿಲ್ಲ.

ಈಗ ಸೋರಿಕೆಯ ವಿಚಾರಕ್ಕೆ ಬರೋಣ. ಗಾಡಿಯ ಕೆಳಗೆ ನೀರು ತೊಟ್ಟಿಕ್ಕಿದ ಮಾತ್ರಕ್ಕೆ ರೇಡಿಯೇಟರು ಸೋರುತ್ತಿದೆಯೆಂದು ತೀರ್ಮಾನಿಸಲಾಗದು. ಹವಾನಿಯಂತ್ರಣವಿರುವ ಗಾಡಿಯ ಕೆಳಗೆ ಬೀಳುವ ಶುದ್ಧ ನೀರು ಸಾಮಾನ್ಯವಾಗಿ ಗಾಳಿಯಿಂದ ಇಳಿದ ತೇವ. ಅದರಿಂದ ಯಾವ ಹಾನಿಯೂ ಇಲ್ಲ. ರಬ್ಬರು ಕೊಳವೆಗಳು ಹಿಡಿಕೆಯ ಬಳಿ ಸೀಳಿರಬಹುದು. ನೀರಿನ ಪಂಪಿನ ಒಳಗಿನ ಮುದ್ರೆ ಸವೆದರೆ, ಅದರ ಹೊಟ್ಟೆಯಲ್ಲಿರುವ ಸಣ್ಣ ರಂಧ್ರದಿಂದ ನೀರು ಜಿನುಗುತ್ತದೆ. ಆ ರಂಧ್ರವನ್ನು ಇಟ್ಟಿರುವುದೇ ಈ ಸುದ್ದಿಯನ್ನು ತಿಳಿಸುವುದಕ್ಕಾಗಿ. ಎಂಜಿನಿನ ಮೈಯಲ್ಲಿ ಬಡಿದು ಕೂರಿಸಿದ ತಗಡಿನ ಬಿರಡೆಗಳು ತುಕ್ಕು ತಿಂದು ತೂತಾಗಿರಬಹುದು. ಇವೆಲ್ಲವೂ ಸರಿಯಾಗಿದ್ದರೆ ಆಗ ರೇಡಿಯೇಟರಿನ ಸರದಿ: ಅದರ ತೊಟ್ಟಿ, ತೊಟ್ಟಿಯೂ ಕೊಳವೆಗಳೂ ಕೂಡುವ ಸಂದು, ಕೊಳವೆಗಳು, ಕೆಳಗಿನ ನಲ್ಲಿ.

ಎಲ್ಲಿ ಸೋರುತ್ತಿದೆಯೆಂಬುದನ್ನು ಕಂಡುಹಿಡಿಯಲು ಬಿಸಿ ಗಾಡಿಗಿಂತ ತಣ್ಣನೆಯ ಗಾಡಿಯೇ ಮೇಲು. ಬಿಸಿಯಾಗಿರುವಾಗ ಜಿನುಗಿದ ಹನಿ ಒಡನೆಯೇ ಆರಿಹೋಗುತ್ತದೆ. ಬೀಸಣಿಗೆಯ ಗಾಳಿಯು ಹನಿಗಳನ್ನು ಎಲ್ಲೆಲ್ಲಿಗೋ ಎರಚುತ್ತದೆ. ಆದರೆ ಆರಿದ ನೀರು ಗುರುತನ್ನು ಬಿಟ್ಟಿರುತ್ತದೆ. ಬಾವಿಯ ನೀರಾದರೆ ಬಿಳಿಯ ಸುಣ್ಣದ ಕಲೆ, ಬಣ್ಣದ ದ್ರವ ಬೆರೆಸಿದ್ದರೆ ಹಸುರು ಅಥವಾ ಕೆಂಪು ಕಲೆ, ತಾಮ್ರದ ಭಾಗದಲ್ಲಿ ಕಿಲುಬು. ಒಳ್ಳೆಯ ಗ್ಯಾರೇಜುಗಳಲ್ಲಿ ಮುಚ್ಚಳದ ಜಾಗಕ್ಕೆ ಕೂರಿಸುವ ಕೈಪಂಪೊಂದು ಇರುತ್ತದೆ. ಅದರಿಂದ ಮುಚ್ಚಳದ ಮೇಲೆ ನಮೂದಿಸಿರುವಷ್ಟು ಒತ್ತಡವನ್ನು ತುಂಬಿ, ಮುಳ್ಳು ಇಳಿಯುವುದೇ ಎಂದು ನೋಡುತ್ತಾರೆ. ಮುಳ್ಳು ಇಳಿದು ಹೊರಗೆ ಎಲ್ಲಿಯೂ ಹನಿ ಕಾಣದಿದ್ದರೆ, ಸೋರಿಕೆಯು ಎಂಜಿನಿನ ಒಳಗೇ ಇದೆ ಎಂದು ಶಂಕಿಸಬೇಕು. ಇದೇ ಎಲ್ಲಕ್ಕಿಂತ ಅಪಾಯದ ಸೋರಿಕೆ, ಮತ್ತು ನನ್ನ ಕಥೆಯ ಮರ್ಮ.

ನನ್ನಲ್ಲಿ ಒಂದು ಹಳೆಯ ಅಂಬಾಸಡರು ಗಾಡಿ ಇತ್ತು. ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗಿ, ಸರ್ಕಾರದ ಕಛೇರಿಗಳ ಮುಂದೆಯೂ ಬಾಡಿಗೆಯ ನಿಲ್ದಾಣಗಳಲ್ಲಿಯೂ ನಿಂತಿರುತ್ತಿದ್ದ ಆ ಗುಂಡು ಮೈಯ ಗಾಡಿಯನ್ನು ಕಾಣದವರಿಲ್ಲ. ನನ್ನದರಲ್ಲಿದ್ದುದು ೧,೪೮೯ ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನು, ಹಿತ್ತಾಳೆ ತಾಮ್ರಗಳ ರೇಡಿಯೇಟರು. ಒಂದು ಬೇಸಗೆಯಲ್ಲಿ ಅದರ ಮೇಲಿನ ತೊಟ್ಟಿಯ ಸಂದು ಬಿಟ್ಟುಕೊಂಡಿತು. ಬೆಸುಗೆ ಹಾಕಿಸಿದೆನು. ಎರಡು ತಿಂಗಳಿಗೆ ಅದೇ ಸಂದು ಬೇರೊಂದು ಕಡೆ ತೆರೆಯಿತು. ಮತ್ತೆ ಬೆಸುಗೆ. ಮೂರನೆಯ ಬಾರಿ ಗ್ಯಾರೇಜಿನವರು "ಈ ರೇಡಿಯೇಟರಿನ ಆಯುಸ್ಸು ಮುಗಿಯಿತು. ಇದಕ್ಕಿಂತ ಒಂದು ಸಾಲು ಕೊಳವೆ ಹೆಚ್ಚಾಗಿರುವ ದಪ್ಪ ರೇಡಿಯೇಟರನ್ನು ಹಾಕಿಬಿಡೋಣ, ಇನ್ನು ಕುದಿಯುವ ಮಾತೇ ಇಲ್ಲ" ಎಂದರು. ಹಾಕಿಸಿದೆನು. ಬಯಲು ದಾರಿಯಲ್ಲಿ ಎಲ್ಲವೂ ಸರಿಯಾಗಿತ್ತು. ಧರ್ಮಸ್ಥಳಕ್ಕೆ ಹೋಗಿ ಚಾರ್ಮಾಡಿ ಘಟ್ಟದ ಮೇಲೆ ಹಿಂದಿರುಗುವಾಗ, ಅರ್ಧ ದಾರಿಯಲ್ಲಿ ಹೊಸ ರೇಡಿಯೇಟರೂ ಹಳೆಯದರಂತೆಯೇ ಕುದಿಯಿತು. ವಯಸ್ಸಾದ ತಾಯಿಯವರನ್ನು ಮಂಜು ಕವಿದ ತಿರುವಿನಲ್ಲಿ ಕೂರಿಸಿಕೊಂಡು ಎರಡು ಗಂಟೆ ಕಾದದ್ದನ್ನು ನಾನು ಮರೆಯಲಾರೆ.

ಘಟ್ಟದ ಮೇಲಿನ ಊರೊಂದರಲ್ಲಿ ವೃದ್ಧ ಮೇಸ್ತ್ರಿಯೊಬ್ಬರು ಗಾಡಿಯನ್ನು ನೋಡಿದರು. ರಾತ್ರಿಯೆಲ್ಲ ತಣಿಯಲು ಬಿಟ್ಟು, ಬೆಳಗ್ಗೆ ಮುಚ್ಚಳವನ್ನು ತೆಗೆದು, ನೀರನ್ನು ಕಂಠದವರೆಗೆ ತುಂಬಿ, ಎಂಜಿನನ್ನು ಚಾಲೂ ಮಾಡಿದರು. ನೀರು ಬಿಸಿಯಾಗುವ ಮೊದಲೇ ಅದರಲ್ಲಿ ಒಂದೇ ಸಮನೆ ಗುಳ್ಳೆಗಳು ಏಳತೊಡಗಿದವು. "ಸ್ವಾಮಿ, ರೋಗ ರೇಡಿಯೇಟರಿನದಲ್ಲ. ಹೆಡ್ಡಿನ ಗ್ಯಾಸ್ಕೆಟ್ಟು ಸುಟ್ಟಿದೆ. ಎಂಜಿನಿನ ಹೊಗೆ ನೀರಿಗೆ ನುಗ್ಗುತ್ತಿದೆ. ಪಾಪ, ರೇಡಿಯೇಟರು ಎಷ್ಟು ದಿನ ತಡೆದೀತು?" ಎಂದರು.

ಸಿಲಿಂಡರಿನೊಳಗೆ ಪೆಟ್ರೋಲು ಉರಿದಾಗ ಉಂಟಾಗುವ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತ ಹತ್ತಾರು ಪಟ್ಟು. ಸಿಲಿಂಡರಿಗೂ ಅದರ ಸುತ್ತಲಿನ ನೀರಿಗೂ ನಡುವೆ ಇರುವ ಗ್ಯಾಸ್ಕೆಟ್ಟು ಒಂದೆಡೆ ಸುಟ್ಟರೆ, ಆ ಒತ್ತಡವು ನೀರಿಗೆ ತಾಗುತ್ತದೆ. ರೇಡಿಯೇಟರಿನಲ್ಲಿ ಎಲ್ಲಿ ಸಂದು ದುರ್ಬಲವೋ ಅಲ್ಲಿ ಅದು ಬಿಟ್ಟುಕೊಳ್ಳುತ್ತದೆ. ನಾನು ಮೂರು ಬಾರಿ ದುರಸ್ತಿ ಮಾಡಿಸಿದ್ದು ರೋಗದ ಚಿಹ್ನೆಯನ್ನೇ ಹೊರತು ರೋಗವನ್ನಲ್ಲ. ಮೊದಲ ಸಲವೇ ಕಂಡಿದ್ದರೆ ಒಂದು ಗ್ಯಾಸ್ಕೆಟ್ಟಿನಲ್ಲಿ ಮುಗಿಯುತ್ತಿದ್ದ ಕೆಲಸ. ಅಷ್ಟು ಹೊತ್ತಿಗೆ ಹೆಡ್ಡು ಕಾದು ಬಾಗಿ, ಅದನ್ನು ಯಂತ್ರದಲ್ಲಿ ಹೆರೆಸಿ ಸಮ ಮಾಡಿಸಬೇಕಾಯಿತು.

ಆದುದರಿಂದ ಒಂದೇ ರೇಡಿಯೇಟರು ಮೇಲಿಂದ ಮೇಲೆ ಸೋರಿದರೆ ಈ ಚಿಹ್ನೆಗಳನ್ನು ಹುಡುಕಬೇಕು. ತಣ್ಣನೆಯ ಎಂಜಿನನ್ನು ಹೊರಡಿಸಿದೊಡನೆ ನೀರಿನಲ್ಲಿ ಬಿಡುವಿಲ್ಲದೆ ಏಳುವ ಗುಳ್ಳೆ ಒಂದು. ಎಣ್ಣೆಯ ಕಡ್ಡಿಯಲ್ಲಿ ಅಥವಾ ಎಣ್ಣೆ ತುಂಬುವ ಬಾಯಿಯ ಮುಚ್ಚಳದಲ್ಲಿ ಹಾಲು ಬೆರೆತ ಕಾಫಿಯ ಬಣ್ಣದ ನೊರೆ ಎರಡನೆಯದು. ಎಂಜಿನು ಬಿಸಿಯಾದ ಮೇಲೂ ಹಿಂದಿನ ಕೊಳವೆಯಿಂದ ನಿಲ್ಲದೆ ಬರುವ ಬಿಳಿಯ ಹೊಗೆ ಮೂರನೆಯದು. ಇವುಗಳಲ್ಲಿ ಒಂದು ಕಂಡರೂ ರೇಡಿಯೇಟರಿಗೆ ಹಣ ಸುರಿಯುವ ಮೊದಲು ಹೆಡ್ಡನ್ನು ಪರೀಕ್ಷೆ ಮಾಡಿಸತಕ್ಕದ್ದು.

ಹಾಗಲ್ಲದೆ ದೋಷವು ರೇಡಿಯೇಟರಿನದೇ ಎಂದು ಖಚಿತವಾಯಿತೆಂದು ಭಾವಿಸೋಣ. ಅದು ಏಕೆ ಸೋರುತ್ತದೆ? ಮುಖ್ಯ ಕಾರಣ ನಾವು ತುಂಬುವ ನೀರು. ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಅಂಥ ನೀರನ್ನು ದಿನವೂ ಕಾಯಿಸುವ ಬಚ್ಚಲ ಹಂಡೆಯ ಒಳಗೆ ಕೈಯಾಡಿಸಿದರೆ ಸುಣ್ಣದ ಗಟ್ಟಿ ಪದರ ತಗಲುತ್ತದೆಯಷ್ಟೆ. ರೇಡಿಯೇಟರಿನ ಕೊಳವೆಗಳಲ್ಲಿಯೂ ಅದೇ ಪದರ ಕಟ್ಟುತ್ತದೆ. ಹಂಡೆಯ ಬಾಯಿ ಮೊಳದಗಲ. ಈ ಕೊಳವೆಗಳ ಒಳಗಿನ ಅಗಲವಾದರೋ ಎರಡು ಮೂರು ಮಿಲಿಮೀಟರು. ಸುಣ್ಣವು ಶಾಖವನ್ನು ಹಾಯಿಸುವುದರಲ್ಲಿ ಹಿತ್ತಾಳೆಗಿಂತ ಹತ್ತಾರು ಪಟ್ಟು ಮಂದ. ಕೊಳವೆ ಮುಚ್ಚಿಹೋಗುವುದಕ್ಕೆ ಬಹು ಮುಂಚೆಯೇ ಶಾಖದ ದಾರಿ ಕಟ್ಟಿಹೋಗಿರುತ್ತದೆ. ಇದರೊಡನೆ ತುಕ್ಕು ಸೇರುತ್ತದೆ. ಎಂಜಿನಿನ ಕಬ್ಬಿಣ, ರೇಡಿಯೇಟರಿನ ಹಿತ್ತಾಳೆ ಅಥವಾ ಅಲ್ಯೂಮಿನಿಯಂ, ಬೆಸುಗೆಯ ಸೀಸ ತವರಗಳು, ಹೀಗೆ ಭಿನ್ನ ಲೋಹಗಳು ಒಂದೇ ಉಪ್ಪುನೀರಿನಲ್ಲಿ ನಿಂತಾಗ ವಿದ್ಯುತ್ಕೋಶದಲ್ಲಿ ನಡೆಯುವಂತೆ ಒಂದನ್ನೊಂದು ತಿನ್ನುತ್ತವೆ. ಮೂರನೆಯ ಕಾರಣ ಅಲುಗಾಟ. ರೇಡಿಯೇಟರು ಕುಳಿತಿರುವ ರಬ್ಬರು ಮೆತ್ತೆಗಳು ಕಳೆದುಹೋಗಿ, ಹಳ್ಳ ತಿಟ್ಟಿನ ರಸ್ತೆಯ ಪ್ರತಿಯೊಂದು ಪೆಟ್ಟೂ ನೇರವಾಗಿ ಸಂದುಗಳಿಗೆ ತಗಲಿದರೆ ಅವು ಬಿಡದೆ ಏನು ಮಾಡಿಯಾವು?

ದಾರಿಯಲ್ಲಿ ಸೋರಿಕೆ ಕಂಡಾಗ ನಮ್ಮ ಲಾರಿ ಚಾಲಕರು ಒಂದು ಹಿಡಿ ಅರಿಶಿನದ ಪುಡಿಯನ್ನು ರೇಡಿಯೇಟರಿಗೆ ಹಾಕುವ ಪದ್ಧತಿಯುಂಟು. ಇದು ಮೂಢನಂಬಿಕೆಯಲ್ಲ. ನುಣ್ಣನೆಯ ಪುಡಿಯು ನೀರಿನಲ್ಲಿ ಉಬ್ಬಿ, ಹರಿವಿನೊಡನೆ ಹೋಗಿ, ಸಣ್ಣ ರಂಧ್ರದಲ್ಲಿ ಸಿಕ್ಕಿಕೊಂಡು ಅದನ್ನು ಮುಚ್ಚುತ್ತದೆ. ಅಂಗಡಿಯಲ್ಲಿ ಡಬ್ಬಿಗಳಲ್ಲಿ ಮಾರುವ ಸೋರಿಕೆಯ ಮದ್ದುಗಳ ಕೆಲಸವೂ ಬಹುಮಟ್ಟಿಗೆ ಇಂಥದೇ. ಆದರೆ ಪುಡಿಗೆ ಬೇಕಾದ ರಂಧ್ರ ಯಾವುದು, ಬೇಡವಾದುದು ಯಾವುದು ಎಂಬ ವಿವೇಕವಿಲ್ಲ. ಸುಣ್ಣದಿಂದ ಇಕ್ಕಟ್ಟಾದ ಕೊಳವೆಗಳನ್ನೂ ಅದು ಮುಚ್ಚುತ್ತದೆ. ಮನೆಗೆ ಸೇರುವುದಕ್ಕೆ ಮಾತ್ರ ಇದನ್ನು ಬಳಸಿ, ಸೇರಿದ ಮೇಲೆ ಎಲ್ಲವನ್ನೂ ತೊಳೆಸಿ, ನಿಜವಾದ ದುರಸ್ತಿಯನ್ನು ಮಾಡಿಸಬೇಕು. ಅರಿಶಿನವನ್ನು ನಂಬಿ ಮತ್ತೊಂದು ಘಟ್ಟವನ್ನು ಹತ್ತಬಾರದು.

ಇನ್ನು ದುರಸ್ತಿಯೋ ಹೊಸದೋ ಎಂಬ ಪ್ರಶ್ನೆ. ಉತ್ತರವು ರೇಡಿಯೇಟರಿನ ಜಾತಿಯನ್ನು ಅವಲಂಬಿಸಿದೆ. ಹಳೆಯ ಜಾತಿಯದು ಹಿತ್ತಾಳೆಯ ಕೊಳವೆ, ತಾಮ್ರದ ರೆಕ್ಕೆ, ಹಿತ್ತಾಳೆಯ ತೊಟ್ಟಿ, ಎಲ್ಲಕ್ಕೂ ಸೀಸ ತವರಗಳ ಬೆಸುಗೆ. ಪಾತ್ರೆಗೆ ಬೆಸುಗೆ ಹಾಕುವಂತೆಯೇ ಇದಕ್ಕೂ ಹಾಕಬಹುದು. ಸಂದು ಬಿಟ್ಟಿದ್ದರೆ ಅಥವಾ ಒಂದೆರಡು ಕೊಳವೆ ತೂತಾಗಿದ್ದರೆ ದುರಸ್ತಿಯೇ ಯುಕ್ತ. ಕೊಳವೆಗಳು ಹಲವೆಡೆ ತೆಳುವಾಗಿ, ರೆಕ್ಕೆಗಳು ಬೆರಳು ತಗಲಿದರೆ ಪುಡಿಯಾಗುವಂತಿದ್ದರೆ, ತೊಟ್ಟಿಗಳನ್ನು ಉಳಿಸಿಕೊಂಡು ನಡುವಿನ ಜಾಲರಿಯನ್ನು ಮಾತ್ರ ಹೊಸದಾಗಿ ಹಾಕಿಸಬಹುದು. ಬಿಡಿಭಾಗ ಸಿಗದ ಹಳೆಯ ಗಾಡಿಗಳಿಗೆ ಇದೇ ಉತ್ತಮ ಮಾರ್ಗ. ಬೆಸುಗೆಯ ಕೆಲಸ ಬಲ್ಲವರು ಈಗ ವಿರಳವಾಗುತ್ತಿದ್ದರೂ ಊರಿಗೊಬ್ಬರಾದರೂ ಉಳಿದಿದ್ದಾರೆ.

ಹೊಸ ಜಾತಿಯದು ಅಲ್ಯೂಮಿನಿಯಮ್ಮಿನ ಜಾಲರಿ, ಗಾಜಿನ ಎಳೆ ಬೆರೆಸಿದ ನೈಲಾನಿನ ತೊಟ್ಟಿ. ೧೯೮೦ರ ದಶಕದಿಂದೀಚೆಗೆ ಕಾರುಗಳಲ್ಲಿ ಇದೇ ರೂಢಿಗೆ ಬಂದಿದೆ. ತೊಟ್ಟಿಯನ್ನು ರಬ್ಬರಿನ ಪಟ್ಟಿಯ ಮೇಲೆ ಕೂರಿಸಿ, ತಗಡಿನ ಹಲ್ಲುಗಳನ್ನು ಮಡಿಸಿ ಬಿಗಿದಿರುತ್ತಾರೆ. ವರ್ಷಗಳ ಬಿಸಿಯಿಂದ ನೈಲಾನು ಪೆಡಸಾಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಇದಕ್ಕೆ ಅಂಟು ಹಚ್ಚಿಸುವುದು ಹಣದ ದುಂದು. ಬಿರುಕು ಇನ್ನೊಂದು ಕಡೆ ಮುಂದುವರಿಯುತ್ತದೆ. ಈ ಜಾತಿಯ ರೇಡಿಯೇಟರಿನ ತೊಟ್ಟಿ ಸೀಳಿದರೆ ಹೊಸದನ್ನು ಹಾಕಿಸುವುದೇ ಸರಿ.

ತಾಮ್ರವು ಮೇಲೋ ಅಲ್ಯೂಮಿನಿಯಂ ಮೇಲೋ ಎಂಬ ಚರ್ಚೆ ಗಾಡಿಯವರಲ್ಲಿ ಬಿಡದೆ ನಡೆಯುತ್ತದೆ. ಶಾಖವನ್ನು ಹಾಯಿಸುವುದರಲ್ಲಿ ತಾಮ್ರವು ಅಲ್ಯೂಮಿನಿಯಮ್ಮಿಗಿಂತ ಒಂದೂವರೆ ಪಟ್ಟಿಗೂ ಮೇಲೆಂಬುದು ನಿಜ. ಆದರೆ ತಾಮ್ರದ ರೇಡಿಯೇಟರೆಂದು ನಾವು ಕರೆಯುವುದರಲ್ಲಿ ಕೊಳವೆಯು ಹಿತ್ತಾಳೆಯದು. ಅದು ಈ ವಿಷಯದಲ್ಲಿ ಅಲ್ಯೂಮಿನಿಯಮ್ಮಿಗೂ ಕೆಳಗೆ. ಅಲ್ಯೂಮಿನಿಯಮ್ಮಿನ ಕೊಳವೆಗಳನ್ನು ಅಗಲವಾಗಿ ಮಾಡಿ ರೆಕ್ಕೆಗಳೊಡನೆ ಒಂದೇ ಲೋಹವೆನ್ನುವಂತೆ ಬೆಸೆಯಬಹುದು, ತೂಕವೂ ಕಡಮೆ. ಆದಕಾರಣ ಚೆನ್ನಾಗಿ ಮಾಡಿದ ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ. ಆರಿಸಬೇಕಾದುದು ಲೋಹದ ಹೆಸರನ್ನಲ್ಲ, ದುರಸ್ತಿಯ ಸೌಕರ್ಯವನ್ನೂ ಕೆಲಸದ ಅಚ್ಚುಕಟ್ಟನ್ನೂ ನೋಡಿ.

ದೊಡ್ಡ ರೇಡಿಯೇಟರನ್ನು ಹಾಕುವುದು ಯಾವಾಗ ಉಚಿತ? ಗಾಡಿಗೆ ಮೊದಲಿಲ್ಲದ ಹವಾನಿಯಂತ್ರಣವನ್ನು ಸೇರಿಸಿದ್ದರೆ, ಹೆಚ್ಚು ಶಕ್ತಿಯ ಬೇರೆ ಎಂಜಿನನ್ನು ಕೂರಿಸಿದ್ದರೆ, ಅಥವಾ ಹೊರೆ ಎಳೆಯುತ್ತ ಸದಾ ಬೆಟ್ಟದ ದಾರಿಯಲ್ಲೇ ಓಡಿಸುವುದಾದರೆ, ಶಾಖದ ಹೊರೆಯೇ ಹೆಚ್ಚಿದೆ. ಆಗ ದೊಡ್ಡದು ಬೇಕು. ಹಾಗಲ್ಲದೆ, ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿರುವ ಗಾಡಿಯು ಮೊದಲು ಕುದಿಯದೆ ಈಗ ಕುದಿಯುತ್ತಿದ್ದರೆ, ಕುಂದಿದ್ದು ಯಾವುದೋ ಒಂದು ಅಂಗ. ರೇಡಿಯೇಟರಿನ ಗಾತ್ರವೇನೂ ಚಿಕ್ಕದಾಗಿಲ್ಲ. ದೊಡ್ಡದನ್ನು ಹಾಕಿದರೆ ಆ ಕುಂದು ಕೆಲವು ದಿನ ಮರೆಯಾಗುತ್ತದೆ, ಅಷ್ಟೆ.

ಮೇಲಾಗಿ, ಒಂದರ ಹಿಂದೊಂದು ಕೊಳವೆಯ ಸಾಲುಗಳನ್ನು ಸೇರಿಸಿ ದಪ್ಪ ಮಾಡುವುದರಿಂದ ಲಾಭವು ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಮೊದಲ ಸಾಲಿಗೆ ತಣ್ಣನೆಯ ಗಾಳಿ ದೊರೆಯುತ್ತದೆ. ಎರಡನೆಯದಕ್ಕೆ ಮೊದಲನೆಯದು ಬಿಸಿಮಾಡಿದ ಗಾಳಿ, ಮೂರನೆಯದಕ್ಕೆ ಇನ್ನೂ ಬಿಸಿಯಾದ ಗಾಳಿ. ದಪ್ಪವು ಹೆಚ್ಚಿದಂತೆ ಗಾಳಿ ನುಗ್ಗುವುದೂ ಕಷ್ಟ. ಗಾಳಿಗೆ ಎದುರಾದ ಮುಖದ ಅಗಲವನ್ನು ಹೆಚ್ಚಿಸಲು ಸ್ಥಳವಿದ್ದರೆ ಅದೇ ಮೇಲು. ಅದಕ್ಕೂ ಮೊದಲು ಇರುವ ಗಾಳಿಯನ್ನು ಸದ್ವಿನಿಯೋಗ ಮಾಡಬೇಕು. ರೆಕ್ಕೆಗಳ ನಡುವೆ ಸಿಕ್ಕಿದ ಹುಳು ಹುಲ್ಲು ಧೂಳುಗಳನ್ನು ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯುವುದು, ಮಡಿಸಿಹೋದ ರೆಕ್ಕೆಗಳನ್ನು ನೆಟ್ಟಗೆ ಮಾಡುವುದು, ಬೀಸಣಿಗೆಯ ಪಟ್ಟಿಯನ್ನು ಬಿಗಿಮಾಡುವುದು, ಬೀಸಣಿಗೆಯ ಸುತ್ತ ಇರಬೇಕಾದ ತಗಡಿನ ಬಳೆಯನ್ನು ಕಳೆದಿದ್ದರೆ ಮತ್ತೆ ಹಾಕಿಸುವುದು: ಹೆಚ್ಚು ವೆಚ್ಚವಿಲ್ಲದ ಈ ಕೆಲಸಗಳು ಹಲವು ವೇಳೆ ಹೊಸ ರೇಡಿಯೇಟರಿನ ಫಲವನ್ನೇ ಕೊಡುತ್ತವೆ.

ಬಿಸಿ ನಾಡಿನಲ್ಲಿ ಥರ್ಮೋಸ್ಟಾಟು ಬೇಡವೆಂದು ಅದನ್ನು ಕಿತ್ತುಹಾಕುವ ಅಭ್ಯಾಸವೂ ನಮ್ಮಲ್ಲಿದೆ. ಎಂಜಿನು ತಕ್ಕಷ್ಟು ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟವದು. ಅದಿಲ್ಲದಿದ್ದರೆ ಎಂಜಿನು ತಣ್ಣಗೇ ಓಡಿ ಬೇಗ ಸವೆಯುತ್ತದೆ, ಪೆಟ್ರೋಲನ್ನೂ ಹೆಚ್ಚು ತಿನ್ನುತ್ತದೆ. ಕೆಲವು ಎಂಜಿನುಗಳಲ್ಲಿ ಅದನ್ನು ತೆಗೆದರೆ ನೀರು ಅಡ್ಡದಾರಿಯಲ್ಲೇ ಸುತ್ತಿ ರೇಡಿಯೇಟರಿಗೆ ಕಡಮೆ ಹೋಗುವುದೂ ಉಂಟು. ಕೆಟ್ಟಿದ್ದರೆ ಹೊಸದನ್ನು ಹಾಕಿಸಬೇಕು, ತೆಗೆದು ಬಿಸಾಡಬಾರದು.

ರೇಡಿಯೇಟರನ್ನು ಬದಲಾಯಿಸುವ ಕ್ರಮವು ಕಷ್ಟವಾದುದಲ್ಲ, ಆದರೆ ತಾಳ್ಮೆಯನ್ನು ಬೇಡುತ್ತದೆ. ಎಂಜಿನು ಪೂರ್ಣವಾಗಿ ತಣಿದ ಮೇಲೆ ಕೆಳಗಿನ ನಲ್ಲಿಯನ್ನು ಬಿಟ್ಟು ನೀರನ್ನು ಅಗಲವಾದ ಪಾತ್ರೆಗೆ ಹಿಡಿಯಬೇಕು. ಅದರಲ್ಲಿ ಗ್ಲೈಕಾಲ್ ಬೆರೆತಿದ್ದರೆ ಅದು ರುಚಿಗೆ ಸಿಹಿ, ಗುಣದಲ್ಲಿ ವಿಷ. ನೆಲಕ್ಕೆ ಚೆಲ್ಲಿದರೆ ನಾಯಿ ದನಗಳು ನೆಕ್ಕಿ ಸಾಯುತ್ತವೆ. ವಿದ್ಯುತ್ತಿನ ಬೀಸಣಿಗೆಯಿದ್ದರೆ ಬ್ಯಾಟರಿಯ ತಂತಿಯನ್ನು ಮೊದಲೇ ಬಿಚ್ಚಬೇಕು. ಅದು ತಾನಾಗಿಯೇ ತಿರುಗಿ ಬೆರಳನ್ನು ಕತ್ತರಿಸಬಲ್ಲದು. ಅಂಟಿಕೊಂಡ ರಬ್ಬರು ಕೊಳವೆಯನ್ನು ಎಳೆದಾಡಿ ರೇಡಿಯೇಟರಿನ ಮೂತಿಯನ್ನು ಬಾಗಿಸುವುದಕ್ಕಿಂತ ಹಳೆಯ ಕೊಳವೆಯನ್ನೇ ಸೀಳಿ ತೆಗೆದು ಹೊಸದನ್ನು ಹಾಕುವುದು ಲೇಸು. ಹೊಸ ರೇಡಿಯೇಟರನ್ನು ಕೂರಿಸುವ ಮೊದಲು ಎಂಜಿನಿನ ನೀರಿನ ಹಾದಿಗಳನ್ನು ಶುದ್ಧವಾದ ನೀರು ಹೊರಬರುವವರೆಗೆ ತೊಳೆಯಲೇಬೇಕು. ಇಲ್ಲದಿದ್ದರೆ ಹಳೆಯ ತುಕ್ಕೆಲ್ಲ ಬಂದು ಹೊಸ ಕೊಳವೆಗಳಲ್ಲಿ ನೆಲಸುತ್ತದೆ. ರಬ್ಬರು ಮೆತ್ತೆಗಳನ್ನೂ ಮುಚ್ಚಳವನ್ನೂ ಹೊಸದಾಗಿ ಹಾಕಬೇಕು. ಮುಚ್ಚಳವು ಗಾಡಿಗೆ ಹೇಳಿದ ಒತ್ತಡದ್ದೇ ಆಗಿರಬೇಕು. ಹೆಚ್ಚು ಒತ್ತಡದ್ದು ಹೆಚ್ಚು ಒಳ್ಳೆಯದೆಂದು ತಿಳಿದು ಹಳೆಯ ಗಾಡಿಗೆ ಹಾಕಿದರೆ ಸಂದುಗಳು ಬಿಡುತ್ತವೆ. ಕೊನೆಯಲ್ಲಿ ನಿಧಾನವಾಗಿ ತುಂಬಿ, ಎಂಜಿನನ್ನು ಓಡಿಸಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಡಿಸಬೇಕು. ಮರುದಿನ ಬೆಳಗ್ಗೆ ತಣ್ಣಗಿರುವಾಗ ಮತ್ತೊಮ್ಮೆ ಮಟ್ಟವನ್ನು ನೋಡಬೇಕು.

ಏನನ್ನು ತುಂಬಬೇಕು? ನಮ್ಮ ನಾಡಿನಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯಿಲ್ಲವಾದುದರಿಂದ ಗ್ಲೈಕಾಲ್ ಬೆರೆತ ದ್ರವವು ಅನಾವಶ್ಯಕವೆಂದು ಹಲವರು ಭಾವಿಸುತ್ತಾರೆ. ಆ ದ್ರವದಲ್ಲಿ ನಮಗೆ ಬೇಕಾದುದು ಹೆಪ್ಪುಗಟ್ಟದ ಗುಣವಲ್ಲ, ಅದರೊಡನೆ ಇರುವ ತುಕ್ಕುನಿರೋಧಕ. ಅಲ್ಯೂಮಿನಿಯಂ ಇರುವ ಗಾಡಿಗಂತೂ ಅದು ಬೇಕೇ ಬೇಕು. ಗಾಡಿಯ ತಯಾರಕರು ಹೇಳಿದ ಬಗೆಯ ದ್ರವವನ್ನು, ಹೇಳಿದ ಪ್ರಮಾಣದಲ್ಲಿ, ಲವಣ ತೆಗೆದ ಶುದ್ಧ ನೀರಿನೊಡನೆ ಬೆರೆಸಿ ತುಂಬಬೇಕು. ದ್ರವದ ಬಣ್ಣವನ್ನು ನಂಬಿ ಎರಡು ಬಗೆಗಳನ್ನು ಬೆರೆಸಬಾರದು; ಬಣ್ಣವು ಜಾತಿಯ ಗುರುತಲ್ಲ. ತುಕ್ಕುನಿರೋಧಕದ ಶಕ್ತಿಯು ಕಾಲಕ್ರಮದಲ್ಲಿ ಕುಗ್ಗುವುದರಿಂದ ಹೇಳಿದ ಅವಧಿಗೆ ಬದಲಾಯಿಸಬೇಕು. ದಾರಿಯಲ್ಲಿ ಬೇರೆ ಗತಿಯಿಲ್ಲದೆ ಹಳ್ಳದ ನೀರನ್ನೋ ಬಾವಿಯ ನೀರನ್ನೋ ಹಾಕಿದರೆ ತಪ್ಪಿಲ್ಲ. ಊರಿಗೆ ಬಂದ ಮೇಲೆ ಅದನ್ನು ಚೆಲ್ಲದೆ ಬಿಡುವುದು ತಪ್ಪು.

ಗಾಡಿಯು ದಾರಿಯಲ್ಲಿ ಕುದಿಯಲು ತೊಡಗಿದರೆ ಮಾಡಬೇಕಾದುದನ್ನು ಹೇಳಿ ಮುಗಿಸುತ್ತೇನೆ. ಮುಳ್ಳು ಕೆಂಪು ಗೆರೆಯ ಹತ್ತಿರ ಬಂದೊಡನೆ ಹವಾನಿಯಂತ್ರಣವನ್ನು ನಿಲ್ಲಿಸಿ, ಸುರಕ್ಷಿತವಾದ ಜಾಗ ನೋಡಿ ಗಾಡಿಯನ್ನು ನಿಲ್ಲಿಸಬೇಕು. "ಇನ್ನೊಂದು ತಿರುವು, ಆಮೇಲೆ ಇಳಿಜಾರು" ಎಂದು ಮುಂದುವರಿಯುವುದರಿಂದಲೇ ಬಹುಪಾಲು ಹೆಡ್ಡುಗಳು ಬಾಗುವುದು. ಹಬೆಯೇಳುತ್ತಿದ್ದರೆ ಎಂಜಿನನ್ನು ಆರಿಸಿ, ತಣಿಯುವವರೆಗೆ ಮುಚ್ಚಳವನ್ನು ಮುಟ್ಟದೆ ಕಾಯಬೇಕು. ಕಾದ ಎಂಜಿನಿಗೆ ತಣ್ಣೀರನ್ನು ಒಮ್ಮೆಗೇ ಸುರಿದರೆ ಲೋಹವು ಸೀಳಬಹುದು. ಬಿಸಿ ಇಳಿದ ಮೇಲೆ, ಎಂಜಿನು ಓಡುತ್ತಿರುವಾಗ, ಸ್ವಲ್ಪ ಸ್ವಲ್ಪವಾಗಿ ತುಂಬಬೇಕು. ಎಷ್ಟು ನೀರು ಹಿಡಿಸಿತೆಂಬುದನ್ನು ಗುರುತಿಟ್ಟುಕೊಳ್ಳಿ. ಎಷ್ಟು ದೂರಕ್ಕೆ ಎಷ್ಟು ನೀರು ಕಡಮೆಯಾಯಿತು ಎಂಬ ಲೆಕ್ಕವನ್ನು ಮೇಸ್ತ್ರಿಗೆ ಹೇಳಿದರೆ, ಅವರ ಅರ್ಧ ಕೆಲಸ ಮುಗಿದಂತೆ.

ಗಾಡಿಯ ಕೆಳಗೆ ಬಿದ್ದ ಹನಿಯು ಒಂದು ಸುದ್ದಿ. ಆ ಸುದ್ದಿ ಎಲ್ಲಿಂದ ಬಂತು, ಏಕೆ ಬಂತು ಎಂದು ಕೇಳಿದ ಮೇಲೆಯೇ ಹಣದ ಚೀಲಕ್ಕೆ ಕೈಹಾಕಬೇಕು. ಮುಚ್ಚಳ, ಕೊಳವೆ, ಪಂಪು, ಪಟ್ಟಿ, ಗ್ಯಾಸ್ಕೆಟ್ಟು, ಇವೆಲ್ಲವನ್ನೂ ನೋಡಿ ತಪ್ಪು ರೇಡಿಯೇಟರಿನದೇ ಎಂದು ಕಂಡರೆ ಹಿಂಜರಿಯದೆ ಬದಲಾಯಿಸಿ. ಅದಕ್ಕೆ ಮೊದಲು ಬೇಡ. ನಾನು ಘಟ್ಟದ ತಿರುವಿನಲ್ಲಿ ಎರಡು ಗಂಟೆ ಕುಳಿತು ಕಲಿತ ಪಾಠವನ್ನು ನೀವು ಮನೆಯಲ್ಲಿ ಕುಳಿತೇ ಕೇಳಿದ್ದೀರಿ. ನಿಮ್ಮ ಪ್ರಯಾಣಗಳು ಸುಖವಾಗಿರಲಿ.